ಹಾಸಿಗೆ ಇದ್ದಷ್ಟು ಕಾಲು: ಬಿ. ಆರ್. ಶೆಣೈಯವರ ಮದರಾಸು ಉಪನ್ಯಾಸಗಳು



ಕೊಡಿಕೊಂಡ ಚೆಕ್‌ಪೋಸ್ಟಿನ ಹತ್ತಿರ ಬಸ್ಸಿಳಿದು ಒಂದು ಗಳಿಗೆ ನಿಂತು ನೋಡಿ. ಒಂದು ದಾರಿ ಬಾಗೇಪಲ್ಲಿ ದಾಟಿ ಬೆಂಗಳೂರಿಗೆ ಹೋಗುತ್ತದೆ. ಅದೇ ಹೆದ್ದಾರಿ ಬಡಗಣ ದಿಕ್ಕಿಗೆ ಪೆನುಕೊಂಡ, ಅನಂತಪುರದ ಕಡೆ ಸಾಗುತ್ತದೆ. ಮತ್ತೊಂದು ದಾರಿ ಲೇಪಾಕ್ಷಿಯ ಮೇಲೆ ಹಿಂದೂಪುರಕ್ಕೆ ತಿರುಗುತ್ತದೆ. ಗಡಿಯ ಆಚೆ ಬಾಗೇಪಲ್ಲಿಯಲ್ಲಿ ತೆಲುಗು ಕೇಳಿಸುತ್ತದೆ, ಈಚೆ ಮಡಕಶಿರಾ ಸೀಮೆಯಲ್ಲಿ ಕನ್ನಡ ಕೇಳಿಸುತ್ತದೆ. ನಾವು ರಾಗಿಯ ಬೆಲೆಯನ್ನು ಒಂದು ಭಾಷೆಯಲ್ಲಿ ಕೇಳುತ್ತೇವೆ, ಚೌಕಾಸಿಯನ್ನು ಇನ್ನೊಂದರಲ್ಲಿ ಮಾಡುತ್ತೇವೆ. ಆದರೆ ಲೆಕ್ಕ ಮಾತ್ರ ಎರಡು ಭಾಷೆಯಲ್ಲೂ ಒಂದೇ. ಎರಡು ಸೇರಿಗೆ ಎರಡು ಸೇರು ಸೇರಿದರೆ ಎಲ್ಲಿಯೂ ಐದಾಗುವುದಿಲ್ಲ.

ಈ ಹೊತ್ತು ನಾನು ನಿಮಗೆ ಹೇಳಹೊರಟಿರುವುದು ಇಂಥದೇ ಒಂದು ಲೆಕ್ಕದ ಕಥೆ. ಅದನ್ನು ಹೇಳಿದವರು ನಮ್ಮ ಹಾಗೆಯೇ ಗಡಿ ಸೀಮೆಯವರು. ಹೇಳಿದ ಸ್ಥಳ ಮದರಾಸು ವಿಶ್ವವಿದ್ಯಾನಿಲಯ. ಹೇಳಿದ ಕಾಲ 1955-56. ಅವರು ಎಚ್ಚರಿಸಿದ ಬಿಕ್ಕಟ್ಟು ಮರುವರ್ಷವೇ ಕಾಣಿಸಿಕೊಂಡಿತು. ಒಂದು ಬರಗಾಲದಂತೆ ಬಂದು ಹೋಗದೆ ಹತ್ತು ವರ್ಷ ಬಿಡದೆ ಕಾಡಿತು.

ಅವರ ಹೆಸರು ಬೆಳ್ಳಿಕೋತ್ ರಘುನಾಥ ಶೆಣೈ. ಜಗತ್ತು ಅವರನ್ನು ಬಿ. ಆರ್. ಶೆಣೈ ಎಂದು ಬಲ್ಲದು. ಹೆಸರಿನ ಮೊದಲಿಗೆ ಇರುವ ಬೆಳ್ಳಿಕೋತ್ ಅವರ ಹುಟ್ಟೂರು. ಅದು ಕಾಸರಗೋಡಿನ ದಕ್ಷಿಣಕ್ಕೆ, ನಾವು ಹೊಸದುರ್ಗ ಎನ್ನುವ ಕಾಞಂಗಾಡಿನ ಬಳಿಯ ಹಳ್ಳಿ. ಕನ್ನಡ, ತುಳು, ಕೊಂಕಣಿ, ಮಲೆಯಾಳ, ನಾಲ್ಕೂ ನುಡಿಗಳು ಕಿವಿಗೆ ಬೀಳುವ ಸೀಮೆ ಅದು. ಮಲೆಯಾಳದ ಮಹಾಕವಿ ಪಿ. ಕುಞಿರಾಮನ್ ನಾಯರ್ ಅವರೂ ಅದೇ ಊರಿನವರು, ಹೆಚ್ಚುಕಡಿಮೆ ಅದೇ ಪ್ರಾಯದವರು. ಒಂದು ಹಳ್ಳಿ ಒಬ್ಬ ಕವಿಯನ್ನೂ ಒಬ್ಬ ಲೆಕ್ಕಿಗನನ್ನೂ ಕೊಟ್ಟಿತು. ಇಬ್ಬರೂ ತೀರಿಕೊಂಡದ್ದು 1978ರಲ್ಲಿ.

ಶೆಣೈಯವರು 1905ರಲ್ಲಿ ಹುಟ್ಟಿದಾಗ ಬೆಳ್ಳಿಕೋತ್ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆ ಜಿಲ್ಲೆ ಮದರಾಸು ಪ್ರಾಂತದಲ್ಲಿತ್ತು. ನಮ್ಮ ಅನಂತಪುರವೂ ಅದೇ ಪ್ರಾಂತದಲ್ಲಿತ್ತು. ಅನಂತಪುರ ಜಿಲ್ಲೆಯನ್ನು 1882ರಲ್ಲಿ ಬಳ್ಳಾರಿಯಿಂದ ಬೇರ್ಪಡಿಸಿ ಮಾಡಿದ್ದು ನಿಮಗೆ ಗೊತ್ತೇ ಇದೆ. ಹಾಗಾಗಿ ಒಂದು ಕಾಲಕ್ಕೆ ಕಡಲ ತೀರದ ಆ ಹಳ್ಳಿಗೂ ಕಲ್ಲುಗುಡ್ಡಗಳ ಈ ಹಳ್ಳಿಗೂ ಒಂದೇ ರಾಜಧಾನಿ ಇತ್ತು.

ಶೆಣೈಯವರು ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಓದಿದರು. ಮುಂದೆ ಲಂಡನ್ನಿನ ಅರ್ಥಶಾಸ್ತ್ರ ಶಾಲೆಗೆ ಹೋದರು. ಅದು ಜಗತ್ತಿನ ಮಹಾ ಆರ್ಥಿಕ ಕುಸಿತದ ಕಾಲ. 1931ರಲ್ಲಿ ಅಲ್ಲಿ ಹಯೆಕ್ ಎಂಬ ತರುಣ ಆಸ್ಟ್ರಿಯನ್ ವಿದ್ವಾಂಸರು ಬಂದು ಉಪನ್ಯಾಸಗಳನ್ನು ಕೊಟ್ಟರು. ಹಣದ ಹೊಳೆ ಹರಿಸಿ ಎಬ್ಬಿಸಿದ ಸಮೃದ್ಧಿ ನಿಲ್ಲುವುದಿಲ್ಲ, ಅದು ಕುಸಿದೇ ತೀರುತ್ತದೆ ಎಂಬುದು ಅವರ ವಾದದ ತಾತ್ಪರ್ಯ. ಅದಕ್ಕೆ ಎದುರಾಗಿ, ಸರಕಾರ ಖರ್ಚು ಮಾಡಿ ಕೆಲಸ ಹುಟ್ಟಿಸಬೇಕು ಎಂದವರು ಕೇಂಬ್ರಿಜಿನ ಕೇನ್ಸ್. ಶೆಣೈಯವರ ಮನಸ್ಸು ಹಯೆಕ್ ಅವರ ಕಡೆ ವಾಲಿತು. ಪೂರ್ತಿ ಬದುಕು ಅತ್ತಲೇ ಉಳಿಯಿತು. ಮುಂದೆ ಅವರು ಪುಣೆಯಲ್ಲಿ, ಸಿಂಹಳದಲ್ಲಿ ಪಾಠ ಹೇಳಿದರು, ರಿಸರ್ವ್ ಬ್ಯಾಂಕಿನಲ್ಲಿ ದುಡಿದರು. 1954ರಿಂದ ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾನಿಲಯದಲ್ಲಿ ಸಮಾಜ ವಿಜ್ಞಾನ ಶಾಲೆಯ ನಿರ್ದೇಶಕರಾಗಿದ್ದರು.

ಈಗ 1955ಕ್ಕೆ ಬರೋಣ. ಮೊದಲ ಪಂಚವಾರ್ಷಿಕ ಯೋಜನೆ ಮುಗಿಯುತ್ತ ಬಂದಿತ್ತು. ಮಳೆ ಕೈ ಹಿಡಿದಿತ್ತು, ಬೆಳೆ ಬಂದಿತ್ತು, ಧಾನ್ಯದ ಬೆಲೆ ಇಳಿದಿತ್ತು. ದೇಶಕ್ಕೆ ಧೈರ್ಯ ಬಂದಿತ್ತು. ಎರಡನೆಯ ಯೋಜನೆಯ ಕರಡನ್ನು ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರು ಮಾರ್ಚಿಯಲ್ಲಿ ಸಿದ್ಧಪಡಿಸಿದರು. ಉಕ್ಕು, ಯಂತ್ರ, ವಿದ್ಯುತ್ತು, ಭಾರೀ ಕೈಗಾರಿಕೆ, ಇವೇ ಅದರ ಬೆನ್ನೆಲುಬು. ಇದನ್ನು ಪರಿಶೀಲಿಸಲು ದೇಶದ ಹೆಸರಾಂತ ಅರ್ಥಶಾಸ್ತ್ರಜ್ಞರ ಒಂದು ಮಂಡಲಿ ಕೂಡಿತು. ಸುಮಾರು ಇಪ್ಪತ್ತು ಮಂದಿ. ಹಣಕಾಸು ಸಚಿವ ಸಿ. ಡಿ. ದೇಶಮುಖ್ ಅದರ ಅಧ್ಯಕ್ಷರು. ಏಪ್ರಿಲಿನಲ್ಲಿ ಮಂಡಲಿ ಒಪ್ಪಿಗೆಯ ಟಿಪ್ಪಣಿ ಬರೆಯಿತು. ಒಬ್ಬರು ಮಾತ್ರ ಒಪ್ಪಲಿಲ್ಲ. ಅವರು ಬೇರೆಯಾಗಿ ಭಿನ್ನಮತದ ಟಿಪ್ಪಣಿ ಬರೆದು ಕೊಟ್ಟರು. ಆ ಒಬ್ಬರು ಶೆಣೈ.

ನೀವೇ ಊಹಿಸಿ. ಊರಿನ ಹತ್ತು ಜನ ಹಿರಿಯರು ಕೂತ ಕಟ್ಟೆಯಲ್ಲಿ ಒಂಬತ್ತು ಜನ ತಲೆಯಾಡಿಸುವಾಗ, ಹತ್ತನೆಯವನು ಎದ್ದು ‘ಈ ಲೆಕ್ಕ ಕೂಡುವುದಿಲ್ಲ’ ಎಂದರೆ ಅವನ ಪಾಡು ಏನಾದೀತು? ಸ್ವಾತಂತ್ರ್ಯ ಬಂದು ಎಂಟು ವರ್ಷವಷ್ಟೇ ಆಗಿತ್ತು. ದೇಶ ಕಟ್ಟುವ ಉತ್ಸಾಹ ಎಲ್ಲೆಡೆ ತುಂಬಿತ್ತು. ಅಂಥ ಹೊತ್ತಿನಲ್ಲಿ ‘ನಿಧಾನ’ ಎನ್ನುವವನು ಅಪಶಕುನ ನುಡಿದಂತೆ ಕಾಣುತ್ತಾನೆ.

ಅದೇ ಸಮಯದಲ್ಲಿ ಮದರಾಸು ವಿಶ್ವವಿದ್ಯಾನಿಲಯ ಅವರನ್ನು ಕರೆಯಿತು. ಅಲ್ಲಿ ಸರ್ ವಿಲಿಯಂ ಮೇಯರ್ ಹೆಸರಿನ ದತ್ತಿ ಉಪನ್ಯಾಸಗಳಿದ್ದವು. ಮೇಯರ್ ಮದರಾಸು ಪ್ರಾಂತದಲ್ಲಿ ಅಧಿಕಾರಿಯಾಗಿದ್ದು, ಮೊದಲ ಮಹಾಯುದ್ಧದ ಕಾಲಕ್ಕೆ ವೈಸ್‌ರಾಯ್ ಮಂಡಲಿಯಲ್ಲಿ ಹಣಕಾಸಿನ ಹೊಣೆ ಹೊತ್ತಿದ್ದವರು. 1955-56ನೇ ಸಾಲಿನ ಮೇಯರ್ ಉಪನ್ಯಾಸಗಳನ್ನು ಶೆಣೈಯವರು ಕೊಟ್ಟರು. ವಿಷಯ, ಭಾರತದ ಆರ್ಥಿಕ ಅಭಿವೃದ್ಧಿಯ ಸಮಸ್ಯೆಗಳು. ವಿಶ್ವವಿದ್ಯಾನಿಲಯವೇ ಅವುಗಳನ್ನು 1958ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿತು. ದೆಹಲಿಯ ಕಡತದೊಳಗೆ ಒಂದು ಟಿಪ್ಪಣಿಯಾಗಿ ಉಳಿದುಬಿಡಬಹುದಾಗಿದ್ದ ಮಾತು ಹೀಗೆ ಬಹಿರಂಗ ವೇದಿಕೆಗೆ ಬಂತು.

ಅವರ ಮಾತಿನ ತಿರುಳು ಏನು? ಆ ವರ್ಷಗಳಲ್ಲಿ ಅವರು ಆಡಿದ, ಬರೆದ ಎಲ್ಲದರಲ್ಲೂ ಒಂದೇ ನೂಲು ಎದ್ದು ಕಾಣುತ್ತದೆ. ದೇಶದ ಉಳಿತಾಯ ಎಷ್ಟೋ ಬಂಡವಾಳ ಹೂಡಿಕೆಯೂ ಅಷ್ಟೇ ಆಗಬೇಕು. ಹೊರದೇಶದಿಂದ ಸಾಲವೋ ಸಹಾಯವೋ ಬಂದರೆ ಅಷ್ಟನ್ನು ಸೇರಿಸಿಕೊಳ್ಳಬಹುದು. ಅದಕ್ಕೂ ಮೀರಿ ಖರ್ಚು ಮಾಡಹೊರಟರೆ ಉಳಿಯುವ ದಾರಿ ನೋಟು ಅಚ್ಚು ಹಾಕುವುದೊಂದೇ. ನೋಟಿನಿಂದ ಇಟ್ಟಿಗೆಯೂ ಹುಟ್ಟುವುದಿಲ್ಲ, ರಾಗಿಯೂ ಹುಟ್ಟುವುದಿಲ್ಲ, ಬೆಲೆ ಮಾತ್ರ ಏರುತ್ತದೆ. ಹೊಟ್ಟೆಬಟ್ಟೆಗೆ ಸಾಲುವಷ್ಟು ಮಾತ್ರ ಇರುವ ಜನ ಬಹುಪಾಲಿರುವ ಪ್ರಜಾಪ್ರಭುತ್ವದಲ್ಲಿ ಬೆಲೆಯೇರಿಕೆ ಕೈ ಮೀರಿದರೆ, ಅದು ಸಮಾಜದ ವ್ಯವಸ್ಥೆಯನ್ನೇ ಅಲುಗಿಸೀತು ಎಂದು ಅವರು ಎಚ್ಚರಿಸಿದರು.

ಇದನ್ನು ನಮ್ಮ ಊರಿನ ಭಾಷೆಯಲ್ಲಿ ಹೇಳಿಕೊಳ್ಳೋಣ. ಒಂದು ಹಳ್ಳಿಯ ಸಾಹುಕಾರ ಒಂದೇ ಬೇಸಗೆಯಲ್ಲಿ ಹತ್ತು ಬಾವಿ ತೋಡಿಸಲು ಹೊರಡುತ್ತಾನೆ ಎನ್ನಿ. ಅವನ ಕಣಜದಲ್ಲಿರುವ ಧಾನ್ಯ ಆರು ಬಾವಿಯ ಕೂಲಿಗೆ ಸಾಕು. ಉಳಿದ ನಾಲ್ಕಕ್ಕೆ ಅವನು ಚೀಟಿ ಬರೆದು ಕೊಡುತ್ತಾನೆ. ಸಾಹುಕಾರನ ಚೀಟಿಯಾದ್ದರಿಂದ ಅಂಗಡಿಯವನು ಇಲ್ಲವೆನ್ನುವುದಿಲ್ಲ. ಮೊದಲ ವಾರ ಎಲ್ಲರಿಗೂ ಸಂತೋಷ. ಎರಡನೆಯ ವಾರ ಚೀಟಿ ಹಿಡಿದವರು ಅಂಗಡಿಯ ಮುಂದೆ ಹೆಚ್ಚುತ್ತಾರೆ, ಅಂಗಡಿಯೊಳಗಿನ ರಾಗಿ ಮಾತ್ರ ಹೆಚ್ಚುವುದಿಲ್ಲ. ಸೇರಿನ ಬೆಲೆ ಏರುತ್ತದೆ. ಆಗ ಹಸಿದವರು ಯಾರು? ಚೀಟಿ ಸಿಕ್ಕದ ವಿಧವೆ, ವರ್ಷದ ಜೀತಕ್ಕೆ ಮೊದಲೇ ಮಾತಾಗಿ ಹೋದ ಆಳು, ಸಂಬಳ ಏರದ ಶಾಲೆಯ ಮೇಷ್ಟ್ರು. ನಾಲ್ಕು ಬಾವಿಯ ಖರ್ಚನ್ನು ಅವರು ತಮ್ಮ ಊಟದ ತಟ್ಟೆಯಿಂದ ಕೊಟ್ಟರು. ಯಾರೂ ಅವರನ್ನು ಕೇಳಲಿಲ್ಲ, ಯಾವ ರಸೀದಿಯೂ ಅವರಿಗೆ ಸಿಗಲಿಲ್ಲ.

ಖೋತಾ ಹಣಕಾಸು ಎಂದು ದೊಡ್ಡವರು ಕರೆಯುವುದು ಇದನ್ನೇ. ಎರಡನೆಯ ಯೋಜನೆಯ ಸರಕಾರಿ ವೆಚ್ಚ 4,800 ಕೋಟಿ ರೂಪಾಯಿ ಎಂದು ಗೊತ್ತುಪಡಿಸಿದ್ದರು. ಅದರಲ್ಲಿ 1,200 ಕೋಟಿ ಖೋತಾ ಹಣಕಾಸಿನಿಂದ ಬರಬೇಕಿತ್ತು. ಎಂದರೆ ನಾಲ್ಕರಲ್ಲಿ ಒಂದು ಪಾಲು. 800 ಕೋಟಿ ಹೊರದೇಶಗಳ ಸಹಾಯ. ಇನ್ನೂ 400 ಕೋಟಿ ಎಲ್ಲಿಂದ ಎಂಬುದು ಲೆಕ್ಕದ ಪುಸ್ತಕದಲ್ಲೇ ಖಾಲಿ ಬಿಟ್ಟ ಜಾಗವಾಗಿತ್ತು.

ಆದರೆ ಕೇಳುಗರೇ, ಎದುರು ಪಕ್ಷದ ಮಾತನ್ನೂ ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಒಪ್ಪಿಗೆ ಕೊಟ್ಟವರು ದಡ್ಡರಾಗಿರಲಿಲ್ಲ. ಅವರು ಹೇಳಿದ್ದೇನೆಂದರೆ, ಬಡವನ ಮನೆಯಲ್ಲಿ ಉಳಿತಾಯ ಆಗಲೆಂದು ಕಾದರೆ ಬಡತನ ತೀರುವುದು ಯಾವಾಗ? ಕೆಲಸವಿಲ್ಲದೆ ಕೂತ ಕೈಗಳು ಕೋಟಿಗಟ್ಟಲೆ ಇರುವಾಗ, ಅವುಗಳಿಗೆ ಕೆಲಸ ಕೊಟ್ಟರೆ ನಾಳೆ ಸಂಪತ್ತು ಹುಟ್ಟೀತು. ಸಾಹುಕಾರನ ಚೀಟಿಯಿಂದ ತೋಡಿದ ಬಾವಿಯಲ್ಲಿ ನೀರು ಬಂದರೆ ಮುಂದಿನ ವರ್ಷ ರಾಗಿ ಹೆಚ್ಚಾಗುವುದಿಲ್ಲವೇ? ಈ ಮಾತಿನಲ್ಲಿಯೂ ಹುರುಳಿದೆ. 1959ರಿಂದ ಭಿಲಾಯಿ, ರೂರ್ಕೇಲಾ, ದುರ್ಗಾಪುರಗಳಲ್ಲಿ ಉಕ್ಕು ಕರಗತೊಡಗಿತು. ತುಂಗಭದ್ರೆಯ ನೀರು ಮೇಲ್ಮಟ್ಟದ ಕಾಲುವೆಯಲ್ಲಿ ಬಳ್ಳಾರಿಯ ಮೇಲೆ ನಮ್ಮ ಅನಂತಪುರ ಜಿಲ್ಲೆಗೂ ಹರಿದದ್ದು ಸರಕಾರದ ಹಣದಿಂದಲೇ ಹೊರತು ಯಾವ ಖಾಸಗಿ ಸಾಹುಕಾರನ ಉಳಿತಾಯದಿಂದಲೂ ಅಲ್ಲ. ಮಳೆ ನೆಚ್ಚಿ ಬದುಕುವ ನಾವು ಇದನ್ನು ಮರೆಯಬಾರದು.

ಹಾಗಾದರೆ ವ್ಯತ್ಯಾಸ ಎಲ್ಲಿತ್ತು? ಬಾವಿ ಬೇಕೇ ಬೇಡವೇ ಎಂಬುದರಲ್ಲಿ ಅಲ್ಲ. ಒಂದೇ ಬೇಸಗೆಯಲ್ಲಿ ಎಷ್ಟು ಬಾವಿ, ಅದರ ಕೂಲಿ ಯಾರ ತಟ್ಟೆಯಿಂದ ಎಂಬುದರಲ್ಲಿತ್ತು.

ಮುಂದೆ ನಡೆದದ್ದನ್ನು ಈಗ ನೋಡಿ. ಯೋಜನೆ 1956ರ ಏಪ್ರಿಲಿನಲ್ಲಿ ಆರಂಭವಾಯಿತು. ಅದೇ ವರ್ಷದ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಶೆಣೈಯವರ ಬೆಳ್ಳಿಕೋತ್ ಕಾಸರಗೋಡಿನ ಜೊತೆ ಕೇರಳಕ್ಕೆ ಹೋಯಿತು. ನಾವು ಅದಕ್ಕೂ ಮುಂಚೆ, 1953ರಲ್ಲೇ ಆಂಧ್ರ ರಾಜ್ಯಕ್ಕೆ ಸೇರಿದ್ದೆವು. ಗಡಿಯ ಗೆರೆ ಎಳೆಯುವ ಆ ಗದ್ದಲದ ನಡುವೆ ಖಜಾನೆಯಲ್ಲಿ ನಡೆದದ್ದು ಬಹಳ ಜನಕ್ಕೆ ಕಾಣಿಸಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನು ನಮಗೆ ಕೊಡಬೇಕಾಗಿದ್ದ ಹಣ ಸ್ಟರ್ಲಿಂಗ್ ರೂಪದಲ್ಲಿ ಲಂಡನ್ನಿನಲ್ಲಿ ಶೇಖರವಾಗಿತ್ತಷ್ಟೆ. ಅದೇ ನಮ್ಮ ವಿದೇಶಿ ವಿನಿಮಯದ ಗಂಟು. 1956ರ ಮಾರ್ಚಿಯಲ್ಲಿ ಚಿನ್ನವೂ ಸೇರಿ ಸುಮಾರು 900 ಕೋಟಿ ರೂಪಾಯಿಯಷ್ಟಿದ್ದ ಆ ಗಂಟು, ಎರಡೇ ವರ್ಷದಲ್ಲಿ, 1958ರ ಮಾರ್ಚಿಯ ಹೊತ್ತಿಗೆ ಸುಮಾರು 420 ಕೋಟಿಗೆ ಇಳಿಯಿತು. ಅರ್ಧಕ್ಕಿಂತ ಹೆಚ್ಚು ಕರಗಿ ಹೋಯಿತು.

ಅದಕ್ಕೆ ತಕ್ಕಂತೆ ಕಾನೂನನ್ನೂ ತಗ್ಗಿಸಬೇಕಾಯಿತು. ನೋಟು ಅಚ್ಚು ಹಾಕಲು ರಿಸರ್ವ್ ಬ್ಯಾಂಕು ಇಷ್ಟು ಚಿನ್ನ, ಇಷ್ಟು ವಿದೇಶಿ ಆಸ್ತಿ ಇಟ್ಟಿರಬೇಕೆಂಬ ನಿಯಮವಿತ್ತು. 1956ರಲ್ಲಿ ಅದನ್ನು ಒಟ್ಟು 515 ಕೋಟಿಗೆ ನಿಗದಿ ಮಾಡಿದರು. ಮರುವರ್ಷವೇ ಅದನ್ನು 200 ಕೋಟಿಗೆ ಇಳಿಸಿದರು. ಅದೇ 1957ರ ಏಪ್ರಿಲಿನಲ್ಲಿ ಹೊಸ ಪೈಸೆ ಬಂದದ್ದು ಹಿರಿಯರಿಗೆ ನೆನಪಿರಬಹುದು. ಆಣೆ ಹೋಗಿ ಪೈಸೆ ಬಂದ ಗೊಂದಲದಲ್ಲಿ ಸಂತೆಯವರೆಲ್ಲ ಚಿಲ್ಲರೆ ಲೆಕ್ಕ ಕಲಿಯುತ್ತಿದ್ದರು. ದೊಡ್ಡ ಲೆಕ್ಕ ತಪ್ಪುತ್ತಿದ್ದುದು ಬೇರೆಲ್ಲೋ.

1958ರ ಆಗಸ್ಟಿನಲ್ಲಿ ಭಾರತಕ್ಕೆ ನೆರವು ಕೊಡುವ ದೇಶಗಳು ವಾಷಿಂಗ್‌ಟನ್ನಿನಲ್ಲಿ ಮೊದಲ ಬಾರಿಗೆ ಸಭೆ ಸೇರಿದವು. ಅಮೆರಿಕದ ಗೋಧಿ ಪಿ. ಎಲ್. 480 ಎಂಬ ಒಪ್ಪಂದದಲ್ಲಿ 1956ರಿಂದಲೇ ಬರತೊಡಗಿತ್ತು. ಎರಡನೆಯ ಯೋಜನೆಯ ಐದು ವರ್ಷಗಳಲ್ಲಿ ಸಗಟು ಬೆಲೆಗಳು ಶೇಕಡಾ 30ರಷ್ಟು ಏರಿದವು. ಯೋಜನೆಯನ್ನೇ ಕತ್ತರಿಸಿ, ಬಿಡಲಾಗದ ಕಾಮಗಾರಿಗಳನ್ನು ಮಾತ್ರ ತಿರುಳೆಂದು ಉಳಿಸಿಕೊಳ್ಳಬೇಕಾಯಿತು. ಇದಕ್ಕೆಲ್ಲ ಖೋತಾ ಹಣಕಾಸು ಒಂದೇ ಕಾರಣವಲ್ಲ. ಮಳೆ ಕೈಕೊಟ್ಟಿತು, ಖಾಸಗಿಯವರ ಆಮದೂ ಏರಿತ್ತು. ಆದರೂ ಹಾಸಿಗೆಗಿಂತ ಕಾಲು ಉದ್ದ ಚಾಚಿದ್ದು ದೊಡ್ಡ ಕಾರಣ ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ವಿದೇಶಿ ಹಣ ಕಡಿಮೆಯಾದಾಗ ಸರಕಾರ ಹಿಡಿದ ದಾರಿ ನಿರ್ಬಂಧದ್ದು. ಆಮದಿಗೆ ಲೈಸೆನ್ಸು, ಕಾರ್ಖಾನೆಗೆ ಪರವಾನಗಿ, ಸಾಮಾನಿಗೆ ಪರ್ಮಿಟ್ಟು. ಶೆಣೈಯವರು ಇದನ್ನು ಕಟುವಾಗಿ ಟೀಕಿಸಿದರು. ರೂಪಾಯಿಯ ಅಧಿಕೃತ ಬೆಲೆ ಅದರ ನಿಜ ಬೆಲೆಗಿಂತ ಹೆಚ್ಚಾಗಿದೆ, ಹಾಗಾಗಿ ಆಮದು ಲೈಸೆನ್ಸು ಸಿಕ್ಕವನಿಗೆ ಕೂತಲ್ಲೇ ಲಾಭ, ಆ ಲಾಭ ಬಂದದ್ದು ಸಾಮಾನ್ಯ ಜನರ ಜೇಬಿನಿಂದ ಎಂದು ವರ್ಷಗಟ್ಟಲೆ ಬರೆದರು. ಬಡವರ ಹೆಸರಿನಲ್ಲಿ ಮಾಡಿದ ವ್ಯವಸ್ಥೆಯಲ್ಲಿ ಹಣ ಬಡವರಿಂದ ಉಳ್ಳವರ ಕಡೆ ಹರಿಯುತ್ತಿದೆ ಎಂಬುದು ಅವರ ದೂರು.

ಬಿಕ್ಕಟ್ಟು ನಮ್ಮ ಹಳ್ಳಿಗಳ ಬಾಗಿಲಿಗೂ ಬಂತು. 1963ರ ಜನವರಿಯಲ್ಲಿ ಚಿನ್ನದ ನಿಯಂತ್ರಣ ಆಜ್ಞೆ ಹೊರಟಿತು. 14 ಕ್ಯಾರೆಟ್ಟಿಗಿಂತ ಶುದ್ಧವಾದ ಚಿನ್ನದಲ್ಲಿ ಹೊಸ ಒಡವೆ ಮಾಡಬಾರದೆಂದಾಯಿತು. ಕಳ್ಳಸಾಗಣೆ ತಡೆಯುವುದು, ವಿದೇಶಿ ವಿನಿಮಯ ಉಳಿಸುವುದು ಅದರ ಉದ್ದೇಶ. ಆದರೆ ಪೆಟ್ಟು ಬಿದ್ದದ್ದು ಕುಲುಮೆ ಊದಿ ತಾಳಿ, ಓಲೆ ಮಾಡಿ ಬದುಕುತ್ತಿದ್ದ ಅಕ್ಕಸಾಲಿಗರಿಗೆ. ದೇಶದ ಉದ್ದಗಲಕ್ಕೂ ಸಹಸ್ರಾರು ಕುಟುಂಬಗಳ ಕಸುಬು ಮುರಿಯಿತು. ಮೇಲಿನ ಲೆಕ್ಕ ತಪ್ಪಿದಾಗ ಕೆಳಗಿನ ಒಲೆ ಆರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಮುಂದೆ 1968ರಲ್ಲಿ ಅದು ಕಾಯಿದೆಯೇ ಆಯಿತು. ರದ್ದಾದದ್ದು 1990ರಲ್ಲಿ.

1962ರಲ್ಲಿ ಚೀನಾದೊಡನೆ ಯುದ್ಧ, 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧ. ಅದರ ಬೆನ್ನಿಗೆ ಎರಡು ವರ್ಷ ಭೀಕರ ಬರ. ಕೊನೆಗೆ 1966ರ ಜೂನ್ 6ರಂದು ರೂಪಾಯಿಯ ಬೆಲೆ ಇಳಿಸಿದರು. ಅಲ್ಲಿಯತನಕ ಒಂದು ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದದ್ದು ಒಂದೇ ದಿನದಲ್ಲಿ 7 ರೂಪಾಯಿ 50 ಪೈಸೆ ಆಯಿತು. ನಾಲ್ಕನೆಯ ಯೋಜನೆಯನ್ನು ಮುಂದೂಡಿ ಮೂರು ವರ್ಷ ಯೋಜನೆಗೇ ರಜೆ ಕೊಟ್ಟರು. ಮದರಾಸಿನ ಆ ಉಪನ್ಯಾಸಗಳಾಗಿ ಹತ್ತು ವರ್ಷ ಕಳೆದಿತ್ತು.

ಶೆಣೈಯವರು ಹೇಳಿದ ರೋಗ ನಿಜವಾಯಿತು. ಅವರು ಹೇಳಿದ ಮದ್ದು? ಇದನ್ನೂ ನಾವು ಮುಚ್ಚುಮರೆಯಿಲ್ಲದೆ ಕೇಳಿಕೊಳ್ಳಬೇಕು. ಪೇಟೆಯನ್ನು ಬಿಡಿ, ನಿರ್ಬಂಧ ತೆಗೆಯಿರಿ, ವ್ಯಾಪಾರ ಮುಕ್ತವಾಗಲಿ, ಎಲ್ಲವೂ ತಾನಾಗಿ ಸರಿಹೋಗುತ್ತದೆ ಎಂಬ ನಂಬಿಕೆ ಅವರದು. ಆದರೆ ಮುಕ್ತ ಪೇಟೆ ಏನು ಮಾಡಬಲ್ಲದು ಎಂಬುದನ್ನು ಕಡಲೆಕಾಯಿ ಬೆಳೆಯುವ ನಮಗೆ ಬೇರೆಯವರು ಹೇಳಬೇಕಾಗಿಲ್ಲ. 1994ರಿಂದ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆಯಿತು. ಆ ದಶಕದ ಕೊನೆಯ ಹೊತ್ತಿಗೆ ಅದರ ಮೇಲಿನ ಸುಂಕವನ್ನೂ ಬಹಳವಾಗಿ ಇಳಿಸಿದರು. ಹಿಂದೂಪುರ, ಕಲ್ಯಾಣದುರ್ಗದ ಒಣಭೂಮಿಯ ರೈತ ಎಲ್ಲೋ ಮಲೇಶಿಯಾದ ತೋಟದೊಡನೆ ಬೆಲೆಗೆ ಪೈಪೋಟಿ ಮಾಡಬೇಕಾಯಿತು. ಅವನಿಗೆ ಮಳೆಯೂ ಇಲ್ಲ, ನೀರಾವರಿಯೂ ಇಲ್ಲ, ಉಳಿತಾಯವಂತೂ ಮೊದಲೇ ಇಲ್ಲ. ಅಂಥವನಿಗೆ ಪೇಟೆಯೇ ದಿಕ್ಕು ಎಂದರೆ ಅದು ಪೂರ್ತಿ ಉತ್ತರವಾಗುವುದಿಲ್ಲ. ಚೀಟಿ ಬರೆಯುವ ಸಾಹುಕಾರನೂ ಬಡವನ ತಟ್ಟೆಗೆ ಕೈ ಹಾಕಬಲ್ಲ, ಅಡ್ಡಿಯಿಲ್ಲದ ಪೇಟೆಯೂ ಹಾಕಬಲ್ಲದು.

ಹಾಗಿದ್ದರೂ ಶೆಣೈಯವರನ್ನು ನಾವು ನೆನೆಯುವುದು ಏಕೆ? ಅವರ ಮದ್ದಿಗಾಗಿ ಅಲ್ಲ, ಅವರು ಕೇಳಿದ ಪ್ರಶ್ನೆಗಾಗಿ. ಇದರ ಖರ್ಚು ಯಾರು ಕೊಡುತ್ತಾರೆ? ಈ ಪ್ರಶ್ನೆಯನ್ನು ಯಾವ ಪಕ್ಷದ ಸರಕಾರಕ್ಕೂ, ಯಾವ ರಾಜ್ಯದ ಸರಕಾರಕ್ಕೂ ಕೇಳಬಹುದು. ಕೇಳದೆ ಬಿಟ್ಟಾಗ ಏನಾಗುತ್ತದೆ ಎಂಬುದನ್ನು 1991 ಮತ್ತೊಮ್ಮೆ ತೋರಿಸಿತು. ಆ ವರ್ಷ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಉಳಿದಿತ್ತು. ಜುಲೈ ತಿಂಗಳಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಅಡವಿಡಲು ಹೊರದೇಶಕ್ಕೆ ಸಾಗಿಸಬೇಕಾಯಿತು. ಹೆಂಡತಿಯ ತಾಳಿ ಅಡವಿಟ್ಟು ಬೀಜ ಕೊಂಡ ರೈತನಿಗೆ ಆ ಸುದ್ದಿಯ ನೋವು ಚೆನ್ನಾಗಿಯೇ ಅರ್ಥವಾಗಿರಬೇಕು. ಶೆಣೈಯವರು ಅದನ್ನು ನೋಡಲು ಇರಲಿಲ್ಲ.

ಕೇಳುಗರೇ, ಬೆಳ್ಳಿಕೋತಿನಂಥ ಊರಿನಲ್ಲಿ, ಕೊಡಿಕೊಂಡದಂಥ ಊರಿನಲ್ಲಿ ಹುಟ್ಟಿದವರಿಗೆ ಒಂದು ವಿಷಯ ಎಳವೆಯಲ್ಲೇ ತಿಳಿದಿರುತ್ತದೆ. ಒಂದೇ ವಸ್ತುವಿಗೆ ಎರಡು ಹೆಸರಿರುತ್ತದೆ, ಒಂದೇ ಮಾತಿಗೆ ಎರಡು ಬದಿಯಿರುತ್ತದೆ. ಎಲ್ಲರೂ ಒಂದೇ ಭಾಷೆಯಲ್ಲಿ ‘ಹೌದು’ ಎನ್ನುವಾಗ ಇನ್ನೊಂದು ಭಾಷೆಯಲ್ಲಿ ಯೋಚಿಸಿ ನೋಡುವ ಅಭ್ಯಾಸ ಗಡಿಯವರಿಗೆ ಸಹಜ. ಆ ಅಭ್ಯಾಸವನ್ನು ಬಿಡಬೇಡಿ. ನಿಮ್ಮ ಗ್ರಾಮ ಸಭೆಯಲ್ಲಿ, ಸಹಕಾರ ಸಂಘದಲ್ಲಿ, ದೇವಸ್ಥಾನದ ಕಟ್ಟೆಯ ಕೂಟದಲ್ಲಿ ಒಂದು ದೊಡ್ಡ ಕೆಲಸದ ಮಾತು ಬಂದಾಗ, ಒಬ್ಬರು ಎದ್ದು ಲೆಕ್ಕ ಕೂಡುವುದಿಲ್ಲ ಎಂದರೆ ಅವರನ್ನು ಕೂರಿಸಬೇಡಿ. ಪೂರ್ತಿ ಹೇಳಲು ಬಿಡಿ. ಅವರ ಮದ್ದು ನಿಮಗೆ ಒಪ್ಪಿಗೆಯಾಗದೆ ಇರಬಹುದು. ಆದರೆ ಬಾವಿ ತೋಡುವ ಮುಂಚೆ ಕಣಜದಲ್ಲಿ ಎಷ್ಟಿದೆ ಎಂದು ಒಮ್ಮೆ ಇಣುಕಿ ನೋಡುವುದರಿಂದ ಯಾರಿಗೂ ನಷ್ಟವಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ನಮ್ಮ ಹಿರಿಯರ ಗಾದೆ. ಹಾಸಿಗೆಯನ್ನು ಉದ್ದ ಮಾಡಿಕೊಳ್ಳುವುದೂ ನಮ್ಮದೇ ಕೆಲಸ, ಅದು ಬೇರೆ ಮಾತು. ಆದರೆ ಪಕ್ಕದವನ ಹಾಸಿಗೆಯ ಮೇಲೆ ಕಾಲು ಚಾಚಿ, ನನ್ನ ಹಾಸಿಗೆ ಬೆಳೆಯಿತು ಎನ್ನಬಾರದು.